ಐಸ್ ಕಂಪನಿಯ ಅರಿಶಿನದ ಬಟ್ಟೆ

ಶುಕ್ರವಾರ ಸಂಜೆ ಕುಞ್ಞಮ್ಮ ದೇವಿ ಅಮ್ಮನ ಹೆಸರಲ್ಲಿ ಐಸ್ ಕಂಪನಿಯೊಳಗಿನ ಪೈಪಿಗೆ ಹಸಿಯಾಗಿ ಕಟ್ಟಿಬಂದಿದ್ದ ಅರಿಶಿನದ ಬಟ್ಟೆ ಶನಿವಾರ ಬೆಳಿಗ್ಗೆ ಹೋಗಿ ನೋಡಿದರೆ ಕೆಂಪಾಗಿತ್ತು. ಒಂದು ಮೂಲೆಯಲ್ಲಿ ಕಲೆ ಇದ್ದಿದ್ದರೆ ಯಾರೋ ಎಲೆಯಡಿಕೆ ಉಗಿದಿದ್ದಾರೆ ಅಂದುಕೊಳ್ಳಬಹುದಿತ್ತು. ಇದು ಹಾಗಲ್ಲ, ಬಟ್ಟೆಗೆ ಬಟ್ಟೆಯೇ ಅಮ್ಮನಿಗೆ ಸುರಿಯುವ ಕೆಂಪು ಕುರುದಿ ನೀರಲ್ಲಿ ಅದ್ದಿ ಹಿಂಡಿದಂತಿತ್ತು. ಆಕೆ ಕಾಫಿ ಚೊಂಬನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ವಾಪಸು ಬಂದಳು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಶ್ಯಾಮಳಾ, ನಿಜ ಹೇಳು. ಕಂಪನಿ ಒಳಗೆ ಕಾಲಿಟ್ಟಿದ್ದೀಯಾ?”

ಶ್ಯಾಮಳ ತಿಂಡಿಗೆ ಪುಟ್ಟು ಬೇಯಿಸಲು ಹಿಟ್ಟಿಗೆ ನೀರು ಚಿಮುಕಿಸುತ್ತ ಕೂತಿದ್ದಳು. “ಇಲ್ಲತ್ತೆ. ಯಾಕೆ?”

“ಹೊರಗಿದ್ದಾಗ ಹೋಗಿದ್ದೀಯಾ ಅಂತ ಕೇಳ್ತಿದ್ದೀನಿ. ಅಲ್ಲಿ ಅಮ್ಮ ಕೆಂಪಾಗಿ ಕೂತಿದ್ದಾಳೆ.”

“ಹೊರಗಾದ್ರೆ ಹಿಂದಿನ ಜಗಲಿ ಬಿಟ್ಟು ಅಲ್ಲಾಡೋಕೆ ನೀವು ಬಿಡಲ್ಲ. ಕಂಪನಿಗೇನು ಹಾರ್ಕೊಂಡು ಹೋಗ್ಲಾ?”

“ನಾಲಿಗೆ ನೋಡು! ಗುಂಡ್ಲುಪೇಟೆ ನಾಲಿಗೆ!” ಎಂದು ಕುಞ್ಞಮ್ಮ ಚೊಂಬನ್ನು ಕುಕ್ಕಿದಳು.

ಬಟ್ಟೆಯನ್ನು ಬಾಳೆಲೆಯಲ್ಲಿ ಸುತ್ತಿ ತಂದಿದ್ದಳು, ಗಂಡನಿಗೂ ಮಗನಿಗೂ ತೋರಿಸಬೇಕು ಅಂತ. ಅವರು ತಿಂಡಿಗೆ ಬಂದು ಕೈ ತೊಳೆದು ಕೂರುವಷ್ಟರಲ್ಲಿ ಅಂಗಳದ ಬಿಸಿಲಿಗೆ ಎಲೆ ಬಿಚ್ಚಿ ಇಟ್ಟಿದ್ದಳು. ಎತ್ತಿ ತೋರಿಸಲು ಹೋದರೆ ಬಟ್ಟೆ ಮೊದಲಿನ ಹಾಗೆ ಹಳದಿ. ಗಂಡ ನಕ್ಕ, ಮಗ ನಕ್ಕ. ಕುಞ್ಞಮ್ಮ ನಗಲಿಲ್ಲ. ಕೆಂಪಾದದ್ದಕ್ಕಿಂತ ಮತ್ತೆ ಹಳದಿಯಾದದ್ದೇ ಆಕೆಗೆ ಹೆಚ್ಚು ಭಯ ತಂದಿತು. ಬಂದವಳು ಹೋಗಿದ್ದಾಳೆ ಅಂದರೆ ಮತ್ತೆ ಬರುತ್ತಾಳೆ ಅಂತಲೇ ಅರ್ಥ.

ವಯನಾಡು ಹೊಸದಾಗಿ ಜಿಲ್ಲೆಯಾದ ಕಾಲ ಅದು. ಕಲ್ಪೆಟ್ಟದಲ್ಲಿ ಕಚೇರಿಗಳು ಎದ್ದವು, ಕಚೇರಿಗಳ ಬೆನ್ನಿಗೆ ಹೋಟೆಲುಗಳು, ಹೋಟೆಲುಗಳಿಗೆ ಮೀನು, ಮೀನಿಗೆ ಐಸು. ಕಲ್ಲಿಕೋಟೆಯಿಂದ ಘಾಟಿ ಹತ್ತಿ ಬರುವಷ್ಟರಲ್ಲಿ ಐಸು ಅರ್ಧ ನೀರಾಗಿರುತ್ತಿತ್ತು. ಹಾಗಾಗಿ ಮಾಧವನ್ ಮುದಲಾಳಿ ಅನ್ನುವ ಸಾಹುಕಾರ ಮೀನಂಗಡಿ ಅನ್ನುವ ಊರಿನಲ್ಲಿ ಮೈಸೂರು ರಸ್ತೆಯ ಪಕ್ಕಕ್ಕೇ ಐಸ್ ಕಂಪನಿ ಹಾಕಿಸಿದ, ಅದನ್ನು ನಡೆಸಲು ಪೆರಿಕಲ್ಲೂರಿನ ಅಚ್ಯುತನ್‌ನನ್ನು ತಂದು ಕೂರಿಸಿದ. ಅಚ್ಯುತನ್‌ನ ಹಿರಿಯರು ಕಬಿನಿಯ ಆಚೆ ಕನ್ನಡದ ದಡದಿಂದ ಬಂದು ಗದ್ದೆ ಮಾಡಿದವರು. ಇವನೊಬ್ಬ ಚಿಕ್ಕಂದಿನಲ್ಲೇ ಕಲ್ಲಿಕೋಟೆಗೆ ಇಳಿದು, ಬಂದರಿನ ಐಸ್ ಕಂಪನಿಗಳಲ್ಲಿ ಕೆಲಸ ಕಲಿತಿದ್ದ. ಕಂಪನಿಯ ಹಿಂದಿನ ಹೆಂಚಿನ ಮನೆ ಮುದಲಾಳಿಯದೇ. ಅಲ್ಲಿ ಅಚ್ಯುತನ್, ಹೆಂಡತಿ ಕುಞ್ಞಮ್ಮ, ಮಗ ಶ್ರೀಧರನ್, ಗುಂಡ್ಲುಪೇಟೆ ಕಡೆಯಿಂದ ತಂದ ಸೊಸೆ ಶ್ಯಾಮಳ. ಮನೆಯೊಳಗೆ ಕನ್ನಡ, ಕಂಪನಿಯೊಳಗೆ ಮಲಯಾಳ.

ಅಮೋನಿಯ ಅನ್ನುವ ಗ್ಯಾಸು ಪೈಪುಗಳಲ್ಲಿ ಸುತ್ತಿ ಒಂದು ದೊಡ್ಡ ಉಪ್ಪುನೀರಿನ ತೊಟ್ಟಿಯನ್ನು ಕೊರೆಯುವಷ್ಟು ತಣ್ಣಗೆ ಮಾಡುತ್ತದೆ, ಆ ತೊಟ್ಟಿಯಲ್ಲಿ ಇಳಿಬಿಟ್ಟ ಉದ್ದುದ್ದ ಡಬ್ಬಿಗಳಲ್ಲಿ ನೀರು ಗಡ್ಡೆ ಕಟ್ಟುತ್ತದೆ. ಇಷ್ಟೇ ಐಸ್ ಕಂಪನಿ. ಗ್ಯಾಸು ಪೈಪಿನೊಳಗಿದ್ದರೆ ಅನ್ನ, ಹೊರಗೆ ಬಂದರೆ ಯಮ. ಒಳಗೆ ಯಾವಾಗಲೂ ಒಂದಿಷ್ಟು ಘಾಟು ಇದ್ದೇ ಇರುತ್ತಿತ್ತು. ಅಲ್ಲಿ ದುಡಿಯುವವರ ಮೂಗು ಅದಕ್ಕೆ ಒಗ್ಗಿಹೋಗಿತ್ತು. ಇವತ್ತಿನ ಘಾಟು ನಿನ್ನೆಯದಕ್ಕಿಂತ ಹೆಚ್ಚೋ ಕಡಿಮೆಯೋ ಅಂತ ಹೇಳಬಲ್ಲವನು ಅಚ್ಯುತನ್ ಒಬ್ಬನೇ. ಬೆಳಿಗ್ಗೆ ಅವನೇ ಮೊದಲು ಒಳಗೆ ಹೋಗಬೇಕು, ಪೈಪುಗಳ ಬಳಿ ಮೂಸಬೇಕು, ಬಾಗಿಲಿಗೆ ಬಂದು “ಶರಿ, ಬನ್ನಿ” ಅನ್ನಬೇಕು. ಆಮೇಲೇ ಉಳಿದವರು. ಲೀಕು ಹುಡುಕಲು ಕಂಪನಿಯಲ್ಲಿ ಗಂಧಕದ ಬತ್ತಿಗಳ ಡಬ್ಬಿಯೂ ಇತ್ತು. ಅದರ ಮುಚ್ಚಳವನ್ನು ಯಾರೂ ತೆಗೆದದ್ದಿಲ್ಲ.

ಆ ತಿಂಗಳು ಐಸು ಕೈಕೊಟ್ಟಿತು. ಐಸು ಹೊರುವ ಸೋಮನ್ ಒಂದು ಗಡ್ಡೆಯನ್ನು ನೆಲಕ್ಕೆ ಉರುಳಿಸಿದರೆ ನಡುವೆ ಟೊಳ್ಳು, ಟೊಳ್ಳಿನೊಳಗೆ ನೀರು. ಮೀನಿನವರು ಬಾಯಿಗೆ ಬಂದಂತೆ ಬೈದರು. ತೊಟ್ಟಿಯಲ್ಲಿ ಉಪ್ಪು ಸಾಲದು ಅಂದ ಅಚ್ಯುತನ್, ಮೂಟೆ ಮೂಟೆ ಉಪ್ಪು ಸುರಿಸಿದ. ಟೊಳ್ಳು ಹೋಗಲಿಲ್ಲ. ಹೊರಗಿನ ತಣಿಸುವ ಪೈಪಿಗೆ ನೀರಿನ ಸುಣ್ಣ ಕಟ್ಟಿದೆ ಅಂದ, ಅಪ್ಪ ಮಗ ಸೋಮನ್ ಮೂವರೂ ತಂತಿ ಬ್ರಷ್ ಹಿಡಿದು ಉಜ್ಜಿ ಉಜ್ಜಿ ಅಂಗೈ ಸುಲಿಸಿಕೊಂಡರು. ಆದರೂ ಟೊಳ್ಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಶ್ರೀಧರನ್ ಮಾತು ತೆಗೆದ.

“ಅಪ್ಪಾ, ಗ್ಯಾಸೇ ಕಮ್ಮಿ ಆಗಿದೆ ಅನ್ಸುತ್ತೆ. ಮೊದಲು ಪೈಪಿನ ಉದ್ದಕ್ಕೂ ಮಂಜು ಹಿಡೀತಿತ್ತು. ಈಗ ಅರ್ಧಕ್ಕೇ ನಿಲ್ಲುತ್ತೆ.”

“ಕಮ್ಮಿ ಆಗಿ ಎಲ್ಲಿಗೆ ಹೋಯ್ತು? ಬತ್ತೇರಿ ಬಸ್ಸು ಹತ್ತಿ ಹೋಯ್ತಾ?”

“ಎಲ್ಲೋ ಲೀಕು…”

“ಲೀಕಾಗಿದ್ರೆ ನನ್ನ ಮೂಗಿಗೆ ಬರ್ತಿರಲಿಲ್ವಾ?”

“ಒಂದ್ಸಲ ಗಂಧಕದ ಬತ್ತಿ ಹಚ್ಚಿ ನೋಡಿಬಿಡೋಣ. ಲೀಕಿದ್ದ ಕಡೆ ಬಿಳಿ ಹೊಗೆ ಏಳುತ್ತೆ ಅಂತ ನೀವೇ ಹೇಳಿದ್ರಿ.”

“ಬತ್ತಿ ಹಚ್ಚೋದು ಮೂಗಿಲ್ಲದೋರು.” ಅಚ್ಯುತನ್ ಅನ್ನವನ್ನು ಜೋರಾಗಿ ಕಲಸಿದ. “ಇದು ಜಾಲರಿ ಕಟ್ಟಿಕೊಂಡಿರೋದು. ಗ್ಯಾಸು ಬರೋ ಪೈಪಿನ ಜಾಲರೀಲಿ ಕಸ ನಿಂತಿದೆ. ಬಿಚ್ಚಿ ತೊಳೆದ್ರೆ ಮುಗೀತು.”

“ಹಾಗಾದ್ರೆ ಕಲ್ಲಿಕೋಟೆ ಮೆಕ್ಯಾನಿಕ್‌ನ ಕರೆಸೋಣ. ಅದನ್ನ ಬಿಚ್ಚೋದು ಸುಲಭದ ಪಣಿ ಅಲ್ಲ.”

“ಅವನು ಬರೋದಾದ್ರೆ ನಾನ್ಯಾಕೆ? ನಾನು ಪೆರಿಕಲ್ಲೂರಿಗೆ ಹೋಗಿ ಎಮ್ಮೆ ಮೇಯಿಸ್ತೀನಿ.”

“ಮತಿ, ಸಾಕು!” ಎಂದಳು ಕುಞ್ಞಮ್ಮ. “ಉಣ್ಣೋ ಹೊತ್ತಲ್ಲಿ ಕಂಪನಿ ಮಾತು ಬೇಡ. ಶ್ಯಾಮಳಾ, ಮಜ್ಜಿಗೆ ತಾ.”

ಶ್ಯಾಮಳ ಮಜ್ಜಿಗೆ ತಂದಳು. ಬಡಿಸುವವಳಿಗೆ ಕಿವಿ ಇರುತ್ತದೆ, ಬಾಯಿ ಇರುವುದಿಲ್ಲ. ಆದರೆ ಕಣ್ಣೂ ಇರುತ್ತದೆ ಅನ್ನುವುದನ್ನು ಮನೆಯವರು ಮರೆತುಬಿಡುತ್ತಾರೆ.

ಮಾರನೆಯ ವಾರ ಒಂದು ಸಂಜೆ ಹಾಲು ತಳ ಹಿಡಿಯಿತು. ಮನೆಯೆಲ್ಲ ಸೀದ ವಾಸನೆ. ಶ್ರೀಧರನ್ ಮೂಗು ಮುಚ್ಚಿಕೊಂಡು ಅಂಗಳಕ್ಕೆ ನಡೆದ. ಬೈಗುಳ ಬೀಳುತ್ತದೆ ಅಂತ ಶ್ಯಾಮಳ ಅಂಜಿಕೊಂಡೇ ಮಾವನ ಮುಂದೆ ಲೋಟ ಇಟ್ಟಳು. ಅಚ್ಯುತನ್ ಕುಡಿದ, ಮೀಸೆ ಒರೆಸಿಕೊಂಡ, “ಇನ್ನೊಂದು ಲೋಟ ಇದೆಯಾ, ಮೋಳೇ?” ಅಂದ. ಮದುವೆಯಾಗಿ ಬಂದ ಹೊಸದರಲ್ಲಿ ಇದೇ ಮಾವ ರಸ್ತೆಯಲ್ಲಿ ನಿಂತೇ “ಇವತ್ತು ಒಗ್ಗರಣೆಗೆ ಹಳೇ ಇಂಗು” ಅಂದಿದ್ದ ಮನುಷ್ಯ. ಶ್ಯಾಮಳ ಬಾಗಿಲ ಮರೆಯಲ್ಲಿ ನಿಂತು ಯೋಚಿಸಿದಳು. ಹೋದ ಮಳೆಗಾಲದಲ್ಲಿ ಮಾವನಿಗೆ ಕೆಟ್ಟ ಜ್ವರ ಬಂದಿತ್ತು. ಅದಾದ ಮೇಲೆ ಒಂದು ದಿನವೂ ಅಡುಗೆಯ ವಾಸನೆಯ ಬಗ್ಗೆ ಅವನು ಒಂದು ಮಾತು ಆಡಿದ್ದು ಅವಳಿಗೆ ನೆನಪಾಗಲಿಲ್ಲ.

ಒಗೆಯುವ ಕಲ್ಲಿನ ಬಳಿ ಅತ್ತೆಯನ್ನು ಹಿಡಿದಳು.

“ಅತ್ತೆ, ಮಾವನಿಗೆ ವಾಸನೆ ಬರಲ್ಲ ಅಲ್ವಾ?”

ಕುಞ್ಞಮ್ಮನ ಕೈ ನಿಂತಿತು. “ಯಾರು ಹೇಳಿದ್ದು?”

“ಹಾಲು ಹೇಳ್ತು.”

ಕುಞ್ಞಮ್ಮ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಜ್ವರದಲ್ಲಿ ಹೋಯ್ತು. ಬರುತ್ತೆ. ವೈದ್ಯರು ಬರುತ್ತೆ ಅಂದಿದ್ದಾರೆ.”

“ಬರೋ ತನಕ?”

“ಬರೋ ತನಕ ನಾನಿದ್ದೀನಲ್ಲ.”

ಆಗ ಶ್ಯಾಮಳಿಗೆ ದಿನವೂ ಕಂಡಿದ್ದು ಇವತ್ತು ಕಾಣಿಸಿತು. ಬೆಳಿಗ್ಗೆ ಬೆಳಿಗ್ಗೆ ಅತ್ತೆ ಕಾಫಿ ಚೊಂಬು ಹಿಡಿದು ಕಂಪನಿ ಬಾಗಿಲಿಗೆ ಹೋಗುವುದು ಗಂಡನ ಮೇಲಿನ ಪ್ರೀತಿಗೆ ಅಂತ ಊರೆಲ್ಲ ಗೇಲಿ ಮಾಡುತ್ತಿತ್ತು. ಮಾವ ಒಳಗೆ ಮೂಸಿದ ಹಾಗೆ ಮಾಡಿ ಬಾಗಿಲಿಗೆ ಬಂದು ಅತ್ತೆಯ ಕೈ ನೋಡುತ್ತಿದ್ದ. ಚೊಂಬು ಮೆಟ್ಟಿಲ ಮೇಲೆ ಕೂತರೆ “ಶರಿ, ಬನ್ನಿ.” ಕೈಯಲ್ಲೇ ಉಳಿದರೆ “ಸ್ವಲ್ಪ ತಡೀರಿ, ಕಿಟಕಿ ತೆಗೀತೀನಿ.” ಒಂದು ವರ್ಷದಿಂದ ಆ ಕಂಪನಿ ನಡೆದದ್ದು ಕುಞ್ಞಮ್ಮನ ಮೂಗಿನ ಮೇಲೆ.

“ಅಯ್ಯೋ ಅತ್ತೆ! ನೀವು ನಿಲ್ಲೋದು ಬಾಗಿಲಲ್ಲಿ. ಅವರು ನಿಲ್ಲೋದು ಪೈಪಿನ ಹತ್ರ. ಬಾಗಿಲಿಗೆ ಬರೋ ಘಾಟೇ ಬೇರೆ, ಅಲ್ಲಿರೋ ಘಾಟೇ ಬೇರೆ.”

“ಇಷ್ಟು ದಿನ ಏನಾಯ್ತು? ಏನೂ ಕುಳಪ್ಪ, ತೊಂದ್ರೆ ಆಗ್ಲಿಲ್ಲ. ಅಮ್ಮ ನೋಡ್ಕೊಂಡ್ಳು.”

“ಅಮ್ಮ ಈಗ ಕೆಂಪಾಗಿದ್ದಾಳಲ್ಲ, ಯಾಕೆ ಗೊತ್ತಾ? ನಮ್ಮೂರಲ್ಲಿ ಅರಿಶಿನ ಬೇಯಿಸೋವಾಗ ಬಟ್ಟೆಗೆಲ್ಲ ಹಳದಿ ಹತ್ತುತ್ತೆ. ಅದನ್ನ ಹಸಿ ಹಸಿಯಾಗಿ ದನದ ಕೊಟ್ಟಿಗೇಲಿ ನೇತುಹಾಕಿದ್ರೆ ಬೆಳಗಾಗೋದ್ರಲ್ಲಿ ಕೆಂಪು. ಗಂಜಲದ ಘಾಟಿಗೆ ಹಾಗಾಗೋದು. ಬಿಸಿಲಿಗೆ ಹಾಕಿದ್ರೆ ಮತ್ತೆ ಹಳದಿ. ಈ ಗ್ಯಾಸಿನದ್ದೂ ಅದೇ ಘಾಟು ಕಣತ್ತೆ. ನೀವು ಕಟ್ಟಿರೋ ಜಾಗದಲ್ಲೇ ಗ್ಯಾಸು ಸೋರ್ತಿದೆ.”

“ಅಮ್ಮನ್ನ ಗಂಜಲಕ್ಕೆ ಹೋಲಿಸ್ತೀಯಾ!” ಕುಞ್ಞಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. “ಕೇಳು, ಈ ಮನೆ ಮುದಲಾಳೀದು. ಇವರಿಗೆ ಮೂಗಿಲ್ಲ ಅಂತ ಒಂದು ಸೊಲ್ಲು ಹೊರಗೆ ಹೋದ್ರೆ ನಾಳೆ ನಮ್ಮ ಪಾತ್ರೆ ಪಗಡ ರಸ್ತೇಲಿ. ಅದಕ್ಕಿಂತ ಹೆಚ್ಚಾಗಿ, ಈ ಮನುಷ್ಯ ಬದುಕಲ್ಲ. ಮೂಗೇ ಇವರ ಮಾನ. ಬಾಯಿ ಮುಚ್ಕೊಂಡಿರು.”

ಜಾಲರಿ ಬಿಚ್ಚುವ ಕೆಲಸಕ್ಕೆ ಪೈಪಿನ ಕೆಳಗೆ ಬೆನ್ನು ಬಗ್ಗಿಸಿ ಕೂರುವವನು ತನ್ನ ಗಂಡ. ಮಾವನ ಒಂದು ಮಾತಿನ ಮೇಲೆ ಅವನು ಕೂರುತ್ತಾನೆ. ಅವನ ಜೀವಕ್ಕಿಂತ ಯಾರ ಮಾನವೂ ಅವಳಿಗೆ ದೊಡ್ಡದಾಗಿರಲಿಲ್ಲ.

ಅವತ್ತೇ ಗಂಡನಿಗೆ ಹೇಳಿದಳು. ಶ್ರೀಧರನ್ ಮೊದಲು ನಕ್ಕ, ಆಮೇಲೆ ಸಿಟ್ಟಾದ.

“ನಮ್ಮಪ್ಪನ ಮೂಗಾ? ಆ ಮೂಗಿನ ಮೇಲೆ ಬಂದರಲ್ಲಿ ಬಾಜಿ ಕಟ್ಟೋರು, ಗೊತ್ತಾ?”

“ಬಾಜಿ ಕಟ್ಟಿದ್ದು ಆಗ. ಈಗಿನದ್ದು ತೋರಿಸ್ಲಾ?”

“ತೋರಿಸು ನೋಡೋಣ.”

ಮರುದಿನ ಮಧ್ಯಾಹ್ನ ಅವಳು ದೀಪಕ್ಕೆ ಅಂತ ಎತ್ತಿಟ್ಟಿದ್ದ ಹಳೆಯ ತೆಂಗಿನೆಣ್ಣೆಯಲ್ಲಿ ಸಾರಿಗೆ ಒಗ್ಗರಣೆ ಹಾಕಿದಳು. ಎಣ್ಣೆ ಕನರಿ ಎಷ್ಟೋ ದಿನವಾಗಿತ್ತು. ಸಾರಿನ ಪಾತ್ರೆ ತೆರೆದರೆ ಬೆಕ್ಕು ಕೂಡ ಎದ್ದು ಹೋಗುವಂತಹ ವಾಸನೆ. ಮೂವರಿಗೂ ಬಡಿಸಿ, ಕಂಬಕ್ಕೆ ಒರಗಿ ನಿಂತಳು. ಇಷ್ಟು ಕೆಟ್ಟ ಕೆಲಸವನ್ನು ಅವಳು ಹುಟ್ಟಿದಾಗಿನಿಂದ ಮಾಡಿರಲಿಲ್ಲ.

ಅಚ್ಯುತನ್ ಅನ್ನ ಕಲಸಿದ, ಒಂದು ತುತ್ತು, ಎರಡು ತುತ್ತು. “ಇವತ್ತು ಸಾರಿಗೆ ಹುಳಿ ಚೆನ್ನಾಗಿ ಹಿಡಿದಿದೆ” ಅಂದ.

ಶ್ರೀಧರನ್‌ನ ಕೈ ತಟ್ಟೆಯ ಅಂಚಿನಲ್ಲೇ ನಿಂತಿತ್ತು. ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಅಷ್ಟರಲ್ಲಿ ಕುಞ್ಞಮ್ಮ ದೊಡ್ಡದೊಂದು ತುತ್ತು ಮಾಡಿ ಬಾಯಿಗಿಟ್ಟುಕೊಂಡಳು. ನುಂಗಿದಳು. ಕಣ್ಣಲ್ಲಿ ನೀರು ತುಂಬಿತು, ಆದರೂ ಇನ್ನೊಂದು ತುತ್ತು ಮಾಡಿದಳು.

“ಹೌದು, ಚೆನ್ನಾಗಿದೆ” ಅಂದಳು. ಮಗನ ಕಡೆ ತಿರುಗಿ, “ಯಾಕೆ ನೋಡ್ತಾ ಕೂತಿದ್ದೀ? ಉಣ್ಣು.”

ಅಚ್ಯುತನ್ ತಲೆ ಎತ್ತಿ ಮಗನನ್ನು ನೋಡಿದ. “ಏನಾಯ್ತು? ಸಾರಲ್ಲಿ ಏನಾದ್ರೂ ಇದೆಯಾ?”

“ಏನಿಲ್ಲಪ್ಪಾ.” ಶ್ರೀಧರನ್ ಉಂಡ. ತಟ್ಟೆ ಖಾಲಿಯಾಗುವವರೆಗೂ ಉಂಡ.

ಕೈ ತೊಳೆಯಲು ಹೋದವನು ಬಾಳೆಯ ಬುಡದಲ್ಲಿ ಎಲ್ಲವನ್ನೂ ಕಾರಿಕೊಂಡ. ಶ್ಯಾಮಳ ನೀರಿನ ಚೊಂಬು ಹಿಡಿದು ಹಿಂದೆಯೇ ಹೋದಳು.

“ಈಗ ಗೊತ್ತಾಯ್ತಾ?”

“ಏನು ಗೊತ್ತಾಗ್ಬೇಕು?” ಅವನು ಬಾಯಿ ಮುಕ್ಕಳಿಸಿ ಉಗಿದ. “ಸಾರು ಚೆನ್ನಾಗೇ ಇತ್ತು.”

“ರೀ…”

“ಚೆನ್ನಾಗೇ ಇತ್ತು ಅಂದೆನಲ್ಲ! ಇನ್ನೊಂದು ಸಲ ಅಪ್ಪನಿಗೆ ಹೀಗೆ ಮಾಡಿದ್ರೆ ನಾನು ಮನುಷ್ಯ ಆಗಿರಲ್ಲ.” ಅವನು ಅವಳ ಮುಖ ನೋಡದೆ ಕಂಪನಿಯ ಕಡೆ ನಡೆದ.

ಆ ಕನರು ಸಾರನ್ನು ಉಂಡವರು ಆ ಗ್ಯಾಸಿನ ಮುಂದೆಯೂ ಹೋಗಿ ಕೂರುತ್ತಾರೆ. ಅದು ಶ್ಯಾಮಳಿಗೆ ಅಂಗಳದಲ್ಲಿ ನಿಂತಲ್ಲೇ ಖಾತ್ರಿಯಾಯಿತು. ಅವತ್ತಿನಿಂದ ಅವಳಿಗೆ ಅನ್ನ ಸೇರಲಿಲ್ಲ.

ಕುಞ್ಞಮ್ಮ ಮಾತ್ರ ಸುಮ್ಮನಿರಲಿಲ್ಲ. ಬಟ್ಟೆ ಮತ್ತೊಂದು ವಾರವೂ ಕೆಂಪಾದಾಗ ಅಮ್ಮನಿಗೆ ಕುರುದಿ ಕೊಡಬೇಕು, ಆ ಹೊತ್ತಿಗೆ ಮೆಷಿನ್ನು ಸದ್ದು ಮಾಡಬಾರದು ಅಂತ ಹಟ ಹಿಡಿದಳು. ಹೇಗೂ ಟೊಳ್ಳು ಐಸನ್ನು ಕೊಳ್ಳುವವರಿರಲಿಲ್ಲ, ಮುದಲಾಳಿಯೂ ಹೂಂ ಅಂದ. ಶನಿವಾರ ಭಾನುವಾರ ಮೆಷಿನ್ನು ನಿಂತಿತು. ದೀಪ ಹಚ್ಚಿದರು, ಕೋಳಿ ಕುಯ್ದರು, ಅರಿಶಿನ ಸುಣ್ಣದ ನೀರು ಸುರಿದರು. ಭಾನುವಾರ ಸಂಜೆ ಬಾಗಿಲಿನಿಂದಲೇ ನೋಡಿದರೆ ಬಟ್ಟೆ ಒಣಗಿ ಒಳ್ಳೆ ಹಳದಿಯಾಗಿ ತೂಗುತ್ತಿತ್ತು.

“ನೋಡಿದೆಯಾ?” ಕುಞ್ಞಮ್ಮನ ಮುಖ ಎಷ್ಟೋ ದಿನದ ಮೇಲೆ ಅರಳಿತ್ತು. “ಶಾಂತ ಆದ್ಳು.”

“ಮೆಷಿನ್ನು ನಿಂತಿದೆ ಅತ್ತೆ, ಸೋರೋದು ಕಮ್ಮಿ ಆಗಿದೆ. ಬಟ್ಟೇನೂ ಒಣಗಿದೆ. ಒಣಗಿದ್ದು ಕೆಂಪಾಗಲ್ಲ.”

“ಶನಿ ನಾಲಿಗೆ. ಒಂದೇ ಒಂದು ಒಳ್ಳೆ ಮಾತು ಬರಲ್ವಲ್ಲ ನಿನ್ನ ಬಾಯಲ್ಲಿ!”

ಸೋಮವಾರ ಬೆಳಿಗ್ಗೆ ಜಾಲರಿ ಬಿಚ್ಚುವುದು ಅಂತಾಯಿತು. ಕಲ್ಪೆಟ್ಟದ ಹೋಟೆಲಿನವರು ಬೇರೆ ಕಡೆ ಐಸು ಹುಡುಕುತ್ತಿದ್ದಾರೆ ಅಂತ ತಿಳಿದು ಮಾಧವನ್ ಮುದಲಾಳಿ ಜೀಪು ತಂದು ಕಂಪನಿಯ ಮುಂದೆಯೇ ನಿಲ್ಲಿಸಿ ಕೂತಿದ್ದ. ಬಿಚ್ಚುವುದಕ್ಕೊಂದು ಕ್ರಮ ಇದೆ. ಗ್ಯಾಸಿನ ದೊಡ್ಡ ಟ್ಯಾಂಕಿನ ವಾಲ್ವ್ ಮುಚ್ಚಬೇಕು, ಮೆಷಿನ್ನು ಓಡಿಸಿ ಮುಂದಿನ ಪೈಪಿನಲ್ಲಿರುವ ಗ್ಯಾಸನ್ನೆಲ್ಲ ಹೀರಿಸಬೇಕು. ಆಮೇಲೆ ಜಾಲರಿಯ ಮುಚ್ಚಳದ ಒಂದೇ ಒಂದು ನಟ್ಟನ್ನು ಅರ್ಧ ಸುತ್ತು ಸಡಿಲಿಸಿ ಮೂಸಿ ನೋಡಬೇಕು. ಘಾಟು ಬಂತೋ, ವಾಲ್ವ್ ಸರಿಯಾಗಿ ಮುಚ್ಚಿಲ್ಲ, ಪೈಪ್ ಇನ್ನೂ ತುಂಬಿದೆ, ನಟ್ಟು ಬಿಗಿದು ಓಡಬೇಕು. ಬರಲಿಲ್ಲವೋ, ಉಳಿದ ನಟ್ಟುಗಳಿಗೆ ಕೈ ಹಾಕಬಹುದು. ಆ ಪೈಪಿಗಿದ್ದ ಮೀಟರಿನ ಮುಳ್ಳು ಒಂದೇ ಕಡೆ ಅಂಟಿಕೊಂಡು ಬಹಳ ಕಾಲವಾಗಿತ್ತು. ಮೂಗಿರುವಾಗ ಮುಳ್ಳು ಯಾಕೆ ಅಂತ ಅಚ್ಯುತನ್ ಅದನ್ನು ಬದಲಾಯಿಸಿರಲಿಲ್ಲ.

ಶ್ಯಾಮಳ ಎದ್ದವಳೇ ತನ್ನ ಹಳೆಯ ರವಿಕೆಯ ಒಂದು ತುಂಡನ್ನು ಅರಿಶಿನದ ನೀರಲ್ಲಿ ಅದ್ದಿ ಕೈಯಲ್ಲಿ ಮುದುರಿಕೊಂಡಳು. ಅತ್ತೆ ಕಾಫಿ ಚೊಂಬು ಹಿಡಿದು ಹೊರಟರೆ ಅವಳ ಬೆನ್ನಿಗೇ ಇವಳೂ ಹೊರಟಳು.

ಒಳಗೆ ಮೆಷಿನ್ನು ಓಡುತ್ತಿತ್ತು. ಅಚ್ಯುತನ್ ಜಾಲರಿಯ ಬಳಿ ಬಗ್ಗಿದ್ದ. ನಟ್ಟು ಸಡಿಲಿಸಿ, ಮೂಗನ್ನು ಹತ್ತಿರ ತಂದು, ಎದ್ದು ಬಾಗಿಲಿಗೆ ಬಂದ. ಕಣ್ಣು ಕೆಂಪಗಾಗಿತ್ತು. ಅದನ್ನು ಅವನು ತೋಳಿನಿಂದ ಒರೆಸಿಕೊಂಡ. ಮುದಲಾಳಿ, ಸೋಮನ್, ಸ್ಪ್ಯಾನರ್ ಹಿಡಿದ ಶ್ರೀಧರನ್, ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಅವನು ಹೆಂಡತಿಯ ಕೈ ನೋಡಿದ. ಕುಞ್ಞಮ್ಮ ಕತ್ತು ಚಾಚಿ ಒಳಗಿನ ಬಟ್ಟೆಯನ್ನು ನೋಡಿದಳು. ಹಳದಿ. ಚೊಂಬನ್ನು ಮೆಟ್ಟಿಲ ಮೇಲೆ ಇಟ್ಟಳು.

“ಏನೂ ಇಲ್ಲ” ಅಂದ ಅಚ್ಯುತನ್. “ಹೋಗು ಮೋನೇ, ಎಲ್ಲಾ ಬಿಚ್ಚು.”

ಶ್ರೀಧರನ್ ಹೆಜ್ಜೆ ಎತ್ತಿದ. ಶ್ಯಾಮಳ ಮುಂದೆ ನುಗ್ಗಿ ಬಾಗಿಲಿಗೆ ಅಡ್ಡ ನಿಂತಳು, ಹಸಿ ಬಟ್ಟೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಒಳಗಿನ ಗಾಳಿಗೆ ಹಿಡಿದಳು. ಮುದಲಾಳಿ “ಏಯ್, ಇದೆಂದಾ?” ಅನ್ನುತ್ತ ಜೀಪಿನಿಂದ ಇಳಿದ. ಅವನು ಹತ್ತಿರ ಬರುವಷ್ಟರಲ್ಲಿ ಬಟ್ಟೆಯ ಅಂಚು ಕಂದಿತು, ಆಮೇಲೆ ನಡುವೆ, ಆಮೇಲೆ ಇಡೀ ಬಟ್ಟೆ ಅವಳ ಕೈಯಲ್ಲೇ ಕೆಂಪಾಯಿತು. ಕುಞ್ಞಮ್ಮ “ಅಮ್ಮಾ!” ಎಂದು ಕುಸಿದು ಕೂತಳು.

“ಮಾವಾ,” ಅಂದಳು ಶ್ಯಾಮಳ, “ಅತ್ತೆ ಕೈ ನೋಡ್ಬೇಡಿ. ನೀವೇ ಹೇಳಿ. ನಿಮಗೆ ವಾಸನೆ ಬರುತ್ತಾ? ನಿಮ್ಮ ಮಗ ಒಳಗೆ ಹೋಗ್ತಿದ್ದಾರೆ. ಅವರ ತಲೆ ಮುಟ್ಟಿ ಹೇಳಿ.”

“ಶ್ಯಾಮಳಾ, ಸರಿ ಆಚೆ!” ಎಂದು ಶ್ರೀಧರನ್ ಅವಳ ರಟ್ಟೆ ಹಿಡಿದು ಎಳೆದ. ಅವಳು ಬಾಗಿಲ ಚೌಕಟ್ಟನ್ನು ಬಿಡಲಿಲ್ಲ.

ಅಚ್ಯುತನ್ ಸೊಸೆಯನ್ನು ನೋಡಿದ, ಮುದಲಾಳಿಯನ್ನು ನೋಡಿದ. ಆಮೇಲೆ ಮಗನ ತಲೆಯನ್ನು ನೋಡಿದ. ಅವನ ಕೈ ಮೇಲೆ ಬಂತು, ಮುಟ್ಟಲಾರದೆ ಅರ್ಧಕ್ಕೇ ನಿಂತಿತು.

“ಹೋಗ್ಬೇಡ ಮೋನೇ” ಅಂದ. “ನನಗೆ ಬರಲ್ಲ. ಹೋದ ಮಳೆಗಾಲದಿಂದ ಏನೂ ಬರಲ್ಲ. ನಿಮ್ಮಮ್ಮನೇ ನನ್ನ ಮೂಗು.”

ಮಾತು ಮುಗಿಯುತ್ತಿದ್ದಂತೆ ಒಳಗೆ ಟಪ್ ಅಂತ ಸದ್ದಾಯಿತು, ಬೆನ್ನಿಗೇ ಕುಕ್ಕರಿನ ಹಬೆಯ ಹತ್ತರಷ್ಟು ಜೋರಾಗಿ ಬುಸುಗುಟ್ಟುವ ಸದ್ದು. ಸೋರಿ ಸೋರಿ ತಿಂದುಹೋಗಿದ್ದ ಮುಚ್ಚಳದ ಪಟ್ಟಿ ಕಿತ್ತುಹೋಗಿತ್ತು. ಬಿಳಿಯ ಮೋಡ ನೆಲ ಹಿಡಿದು ಬಾಗಿಲಿಗೆ ಬಂತು. ಶ್ರೀಧರನ್ ಕೂರಬೇಕಾಗಿದ್ದ ಜಾಗವೇ ಕಾಣಲಿಲ್ಲ. ಸೋಮನ್ ಹೊರಗಿನ ಮೇನ್ ಸ್ವಿಚ್ ಇಳಿಸಿ ಓಡಿದ. ಎಲ್ಲರ ಕಣ್ಣಲ್ಲಿ ಬೆಂಕಿ, ಗಂಟಲಲ್ಲಿ ಬೆಂಕಿ.

“ಗಾಳಿಗೆ ಎದುರಾಗಿ ಓಡಿ! ರಸ್ತೆ ಆಚೆ!” ಅಚ್ಯುತನ್ ಕೂಗುತ್ತಿದ್ದ. ಗಾಳಿ ಸಂತೆಯ ಕಡೆಗೆ ಬೀಸುತ್ತಿತ್ತು. ಸರಿಯಾಗಿ ಮುಚ್ಚದಿದ್ದ ಟ್ಯಾಂಕಿನ ವಾಲ್ವ್ ಇನ್ನೊಂದು ಸುತ್ತು ತಿರುಗದೆ ಅದು ನಿಲ್ಲುವಂತಿರಲಿಲ್ಲ. ಶ್ರೀಧರನ್ ಐಸು ಮುಚ್ಚುವ ಗೋಣಿಯನ್ನು ನೀರಲ್ಲಿ ಅದ್ದಿಕೊಂಡು ಬಂದ. ಅಚ್ಯುತನ್ ಅದನ್ನು ಅವನ ಕೈಯಿಂದ ಕಿತ್ತುಕೊಂಡ, ಸ್ಪ್ಯಾನರನ್ನೂ ಕಿತ್ತುಕೊಂಡ.

“ಮೂಗಿದ್ದೋನಿಗೆ ಅಲ್ಲಿ ಒಂದು ಗಳಿಗೆ ನಿಲ್ಲೋಕಾಗಲ್ಲ. ನನಗಾಗುತ್ತೆ.” ಮಗನ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿದ. “ಅವಳನ್ನ ಕರ್ಕೊಂಡು ಹೋಗು.”

ಗೋಣಿ ಹೊದ್ದುಕೊಂಡು ಅವನು ಬಿಳಿಯೊಳಗೆ ನಡೆದ. ರಸ್ತೆಯಾಚೆ ನಿಂತವರಿಗೆ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ಬುಸುಗುಡುವುದು ಸಣ್ಣದಾಗಿ ಕೊನೆಗೆ ನಿಂತಿತು. ಅಚ್ಯುತನ್ ತನ್ನ ಕಾಲ ಮೇಲೇ ಹೊರಗೆ ಬಂದ. ನಲ್ಲಿಯ ಕೆಳಗೆ ಕೂರಿಸಿ ಕಣ್ಣಿಗೆ ನೀರು ಬಿಟ್ಟರು, ಬಿಡುತ್ತಲೇ ಇದ್ದರು. ಅವನು ಕೆಮ್ಮಿದ, ಮುದಲಾಳಿಯ ಕಡೆ ನೋಡಿ ಸಣ್ಣಗೆ ನಕ್ಕ. “ವಾಲ್ವ್ ಬದಲಾಯಿಸ್ಬೇಕು ಮುದಲಾಳೀ, ಮೀಟರೂ” ಅಂದ. ಎಲ್ಲರೂ ಬದುಕಿದೆವು ಅಂದುಕೊಂಡರು. ಆಸ್ಪತ್ರೆ ಬೇಡ ಅಂತ ಅವನೂ ಅಂದ, ಸರಿ ಅಂತ ಇವರೂ ಸುಮ್ಮನಾದರು.

ಆ ಗ್ಯಾಸು ಎದೆಯೊಳಗೆ ನಿಧಾನವಾಗಿ ಕೆಲಸ ಮಾಡುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಸ್ವಲ್ಪ ಗಂಜಿ ಕುಡಿದ. ಸಂಜೆಗೆ ಉಸಿರು ಕಟ್ಟಿತು, ತುಟಿ ನೀಲಿಯಾಯಿತು. ಮುದಲಾಳಿಯ ಜೀಪಿನಲ್ಲಿ ಕಲ್ಲಿಕೋಟೆಗೆ ಹೊರಟರು. ಘಾಟಿಯ ತಿರುವುಗಳಲ್ಲಿ ಇಳಿಯುವಾಗಲೇ, ಮಗನ ತೊಡೆಯ ಮೇಲೆ ತಲೆಯಿಟ್ಟವನು ತೀರಿಕೊಂಡ.

ಸೂತಕ ಕಳೆಯುವಷ್ಟರಲ್ಲಿ ಮುದಲಾಳಿ ಹೇಳಿಕಳಿಸಿದ್ದ. ಕಲ್ಲಿಕೋಟೆಯಿಂದ ಮೆಕ್ಯಾನಿಕ್ ಸಂಸಾರ ಸಮೇತ ಬರುತ್ತಾನೆ, ಮನೆ ಬೇಕು. ಶ್ರೀಧರನ್ ಪೆರಿಕಲ್ಲೂರಿನಲ್ಲಿ ದೊಡ್ಡಪ್ಪನ ಗದ್ದೆಯ ಬಳಿ ಒಂದು ಕೋಣೆ ನೋಡಲು ಹೋಗಿದ್ದ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಅಂದು ಕುಞ್ಞಮ್ಮ ತಾನೇ ಒಲೆ ಹಚ್ಚಿದಳು, ಅನ್ನ ಮಾಡಿದಳು, ಎಲೆ ಹಾಕಿ ಸೊಸೆಯನ್ನು ಕರೆದು ಕೂರಿಸಿದಳು. ಬಡಿಸುತ್ತ ಬಡಿಸುತ್ತ, ಎಲೆಯನ್ನೇ ನೋಡಿಕೊಂಡು ಹೇಳಿದಳು:

“ಅವತ್ತು ನನಗೆ ಘಾಟು ಬಂದಿತ್ತು. ಮೆಟ್ಟಿಲ ಹತ್ರ ನಿಂತಾಗಲೇ ಬಂದಿತ್ತು. ಬಟ್ಟೆ ಹಳದಿ ಇತ್ತು, ಅದಕ್ಕೆ ಇಟ್ಟುಬಿಟ್ಟೆ.”

ಶ್ಯಾಮಳ ತಲೆ ಎತ್ತಿದಳು. “ಅತ್ತೆ…”

“ಮಾತಾಡ್ಬೇಡ. ನನ್ನ ಮಗನ್ನ ಉಳಿಸಿದೆ, ಅದಕ್ಕೆ ಬಡಿಸ್ತಿದ್ದೀನಿ, ಉಣ್ಣು. ಆ ಮನುಷ್ಯನ್ನ ಎಲ್ಲರ ಮುಂದೆ ನಿಲ್ಲಿಸಿ ಕೇಳಿದೆಯಲ್ಲ, ಅದಕ್ಕೆ ಇನ್ನು ನನ್ನ ಜೊತೆ ಮಾತಾಡ್ಬೇಡ.”

ಶ್ಯಾಮಳ ತಲೆ ತಗ್ಗಿಸಿ ಉಂಡಳು. ಕುಞ್ಞಮ್ಮ ಎರಡನೆಯ ಸಲ ಅನ್ನ ತಂದಾಗ ಸಾಕು ಅನ್ನಲೂ ಬಾಯಿ ತೆರೆಯದೆ, ಎಲೆಗೆ ಕೈ ಅಡ್ಡ ಹಿಡಿದಳು.